ಶಿಬಿರದಿಂದ ಬಂದ ಗೆಳತಿಗೆ ನಿದ್ದೆ ಇಲ್ಲ: ಇದು ಸಾಧನೆಯೋ, ಕಾಯಿಲೆಯೋ? ಯಾರ ಬಳಿ ಹೋಗುವುದು?

ಬಳಗದ ಸಂಚಾಲಕಿ

ಒಂದು ಧ್ಯಾನ ಬಳಗದಲ್ಲಿ ಆರು ವರ್ಷಗಳಿಂದ ಸೇವೆ ಮಾಡುತ್ತಿದ್ದೇನೆ. ಶಿಬಿರಕ್ಕೆ ಹೆಸರು ಬರೆದುಕೊಳ್ಳುವುದು, ಹೊಸಬರಿಗೆ ಕೂರುವ ಜಾಗ ತೋರಿಸುವುದು, ಇಂಥ ಕೆಲಸಗಳು. ಮನಸ್ಸಿನ ಕಾಯಿಲೆಗಳ ಬಗ್ಗೆ ಓದಿದವಳಲ್ಲ. ಈಗ ದಿಕ್ಕು ತೋಚದಂತಾಗಿದೆ, ತಿಳಿದವರು ಹೇಳಬೇಕು. ಗೆಳತಿಯ ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಅವಳು ಹತ್ತು ದಿನಗಳ ಮೌನ ಶಿಬಿರ ಮುಗಿಸಿ ಬಂದು ಮೂರು ವಾರಗಳಾದವು. ಮೊದಲ ವಾರ ಅವಳ ಮುಖದಲ್ಲಿ ಅದೇನು ಕಳೆ! ನಮಗೆಲ್ಲ ಸಂತೋಷವಾಗಿತ್ತು. ಆಮೇಲೆ ನಿದ್ದೆ ಕಡಿಮೆಯಾಗುತ್ತ ಬಂತು. ಈಗ ರಾತ್ರಿ ಎರಡು ಗಂಟೆ ಮಲಗಿದರೆ ಹೆಚ್ಚು, ಆದರೂ ದಣಿವೆಂಬುದಿಲ್ಲ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ತನಗೆ ಒಳಗಿನಿಂದ ಅಪ್ಪಣೆ ಬರುತ್ತಿದೆ ಎನ್ನುತ್ತಾಳೆ. ಕೆಲಸಕ್ಕೆ ರಾಜೀನಾಮೆ ಪತ್ರ ಬರೆದಿಟ್ಟಿದ್ದಾಳೆ. ಉಳಿತಾಯದ ಹಣವನ್ನು ಹಂಚಲು ಆರಂಭಿಸಿದ್ದಾಳೆ.

ಮೊನ್ನೆ ತನ್ನ ಸಾಧನೆಯ ದಿನಚರಿ ಪುಸ್ತಕವನ್ನು ನನ್ನ ಕೈಗಿತ್ತು, "ಇದನ್ನು ನೀನು ಕಾಪಾಡಬೇಕು" ಎಂದಳು. ಮೊದಲ ಪುಟಗಳಲ್ಲಿ ದಿನಕ್ಕೆ ನಾಲ್ಕೇ ಸಾಲು, ಗೆರೆ ತಪ್ಪದ ದುಂಡು ಅಕ್ಷರ. ಕೊನೆಯ ಪುಟಗಳಿಗೆ ಬರುವಷ್ಟರಲ್ಲಿ ಅಕ್ಷರಗಳು ಅಂಚಿಗೆ ಹತ್ತಿವೆ. ಪುಟವನ್ನು ತಿರುಗಿಸಿ ಅಡ್ಡಡ್ಡ ಬರೆದಿದ್ದಾಳೆ, ಬರೆದುದರ ಮೇಲೆಯೇ ಮತ್ತೆ ಬರೆದಿದ್ದಾಳೆ. ಒಂದು ಕಡೆ ಪೆನ್ನಿನ ಮೊನೆ ಕಾಗದವನ್ನು ಹರಿದು ಕೆಳಗಿನ ಪುಟಕ್ಕೆ ಇಳಿದಿದೆ. ಅದನ್ನು ನೋಡಿದಾಗಿನಿಂದ ನನ್ನ ಎದೆ ಡವಗುಟ್ಟುವುದು ನಿಂತಿಲ್ಲ.

ಬಳಗದ ಕೆಲವರು ಅವಳ ಮುಂದೆ ಕೈಮುಗಿದು ಕೂರುತ್ತಿದ್ದಾರೆ, ಇದು ಜಾಗೃತಿ ಎನ್ನುತ್ತಿದ್ದಾರೆ. ವೈದ್ಯರಿಗೆ ತೋರಿಸೋಣವೇ ಎಂದು ಕೇಳಿದ್ದಕ್ಕೆ ಹಿರಿಯರೊಬ್ಬರು, "ಮಾತ್ರೆ ಕೊಟ್ಟು ಆ ಬೆಳಕನ್ನೇ ಆರಿಸಿಬಿಡುತ್ತಾರೆ" ಎಂದರು. ನಾನು ಅವಳ ಸಾಧನೆಯನ್ನು ಅನುಮಾನಿಸುತ್ತಿದ್ದೇನೆಯೇ? ಅಥವಾ ಸುಮ್ಮನಿದ್ದು ತಪ್ಪು ಮಾಡುತ್ತಿದ್ದೇನೆಯೇ?

ಹಳೆಯ ಸಾಧಕ

ತಂಗಿ, ನಿನ್ನ ಕಳಕಳಿ ಅರ್ಥವಾಗುತ್ತದೆ. ಆದರೂ ಅವಸರ ಬೇಡ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಈ ದಾರಿಯಲ್ಲಿ ನಡೆದವನಾಗಿ ಹೇಳುತ್ತಿದ್ದೇನೆ. ಆಳವಾದ ಸಾಧನೆಯಲ್ಲಿ ಮೈ ನಡುಗುವುದು, ಅಳು ಉಕ್ಕುವುದು, ದಿನಗಟ್ಟಲೆ ನಿದ್ದೆ ಹತ್ತಿರ ಸುಳಿಯದಿರುವುದು ನನಗೂ ಆಗಿದೆ. 16ನೇ ಶತಮಾನದ ಸ್ಪೇನಿನ ಸಂತ ಜಾನ್ ಆಫ್ ದಿ ಕ್ರಾಸ್ ಆತ್ಮದ ಕಾರಿರುಳಿನ ಬಗ್ಗೆ, ಅಂದರೆ ದೇವರೇ ಕೈಬಿಟ್ಟಂತೆನಿಸುವ ಘಟ್ಟದ ಬಗ್ಗೆ ಬರೆದರು. ಎಲ್ಲ ಪರಂಪರೆಗಳಲ್ಲಿಯೂ ಇಂಥ ಘಟ್ಟಗಳ ಮಾತಿದೆ. ಪ್ರತಿಯೊಂದಕ್ಕೂ ರೋಗದ ಚೀಟಿ ಅಂಟಿಸಿದರೆ ಮನುಷ್ಯನ ಒಳಬಾಳಿಗೆ ಜಾಗವೇ ಉಳಿಯುವುದಿಲ್ಲ. ಒಮ್ಮೆ ಹಣೆಪಟ್ಟಿ ಬಿದ್ದರೆ ಅದು ಜೀವಮಾನವಿಡೀ ಹೋಗುವುದಿಲ್ಲ ಎಂಬುದನ್ನೂ ಯೋಚಿಸು.

ಮನೋವೈದ್ಯೆ

ಸಂಚಾಲಕಿಯವರೇ, ನೋಡದ ವ್ಯಕ್ತಿಗೆ ರೋಗದ ಹೆಸರಿಡುವುದು ತಪ್ಪು, ನಾನು ಇಡುವುದಿಲ್ಲ. ಆದರೆ ನೀವು ಬರೆದದ್ದನ್ನೇ ಯಾರಾದರೂ ನನಗೆ ಫೋನಿನಲ್ಲಿ ಹೇಳಿದ್ದರೆ, "ನಾಳೆಯೇ ಕರೆದುಕೊಂಡು ಬನ್ನಿ" ಎನ್ನುತ್ತಿದ್ದೆ. ಮುಂದಿನ ತಿಂಗಳು ಎನ್ನುತ್ತಿರಲಿಲ್ಲ.

ಕಾರಣ ಹೇಳುತ್ತೇನೆ. ಅವರಿಗೆ ಯಾವ ಅನುಭವ ಆಯಿತು, ಯಾರ ದನಿ ಕೇಳಿಸಿತು ಎಂಬುದಲ್ಲ ನನ್ನ ಮೊದಲ ಪ್ರಶ್ನೆ. ನಿದ್ದೆ ಎಷ್ಟು? ನಿದ್ದೆಗೆಟ್ಟರೆ ದಣಿವು ಕಾಣುತ್ತದೆಯೇ? ನಿದ್ದೆ ಬಾರದೆ ಒದ್ದಾಡುವುದು ಬೇರೆ, ನಿದ್ದೆಯೇ ಬೇಡವೆನಿಸುವುದು ಬೇರೆ. ಎರಡನೆಯದರ ಜೊತೆಗೆ ಮಾತಿನ ಓಟ, ಕೈಬಿಚ್ಚಿದ ಖರ್ಚು, ತನಗೊಂದು ದೊಡ್ಡ ಹೊಣೆ ಬಂದಿದೆ ಎಂಬ ಭಾವ ಒಂದು ವಾರ ಬಿಡದೆ ಇದ್ದರೆ ನಾವು ಉನ್ಮಾದದ ಸ್ಥಿತಿಯನ್ನು ಯೋಚಿಸಲೇಬೇಕಾಗುತ್ತದೆ. ನಿದ್ದೆಗೇಡು ಅದರ ಲಕ್ಷಣವೂ ಹೌದು, ಅದನ್ನು ಕೆರಳಿಸುವ ಕಾರಣವೂ ಹೌದು. ಆ ಗುಣ ದೇಹದಲ್ಲಿ ಮೊದಲೇ ಇದ್ದವರಿಗೆ ನಾಲ್ಕಾರು ರಾತ್ರಿಗಳ ಜಾಗರಣೆಯೇ ಕಿಡಿಯಾಗಬಹುದು.

ಹಳೆಯ ಸಾಧಕರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಶಾಸ್ತ್ರವೇ ಅದನ್ನು ಒಪ್ಪಿಕೊಂಡಿದೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ನಾಲ್ಕನೆಯ ಆವೃತ್ತಿ 1994ರಲ್ಲಿ ಹೊರಬಂದಾಗ "ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ" ಎಂಬ ಹೊಸ ವಿಭಾಗ ಸೇರಿತು. ಅದು ರೋಗಗಳ ಸಾಲಿನಲ್ಲಿ ಇಲ್ಲ. ರೋಗವಲ್ಲದಿದ್ದರೂ ನೆರವು ಬೇಕಾಗುವ ಸ್ಥಿತಿಗಳ ಸಾಲಿನಲ್ಲಿದೆ. ಡೇವಿಡ್ ಲುಕಾಫ್, ಫ್ರಾನ್ಸಿಸ್ ಲೂ, ರಾಬರ್ಟ್ ಟರ್ನರ್ ಎಂಬ ಮೂವರು ಅದಕ್ಕಾಗಿ ಪ್ರಸ್ತಾವ ಮುಂದಿಟ್ಟಿದ್ದರು. ಅಂದರೆ ಒಬ್ಬ ಸಾಧಕ ಕೋಣೆಗೆ ಬಂದೊಡನೆ ಅವನ ಸಾಧನೆಯನ್ನೇ ಕಾಯಿಲೆ ಎನ್ನಬಾರದು ಎಂಬ ಎಚ್ಚರ ನಮಗೂ ಇದೆ. ಆದರೆ ಎರಡೂ ಒಟ್ಟಿಗೆ ಇರಬಹುದು ಎಂಬುದನ್ನು ನೀವೂ ಮರೆಯಬೇಡಿ. ನಿಜವಾದ ಅನುಭವವಾದ ವ್ಯಕ್ತಿಗೇ ಚಿಕಿತ್ಸೆ ಬೇಕಾದ ಕಾಯಿಲೆಯೂ ಬರಬಹುದು. ಅನುಭವ ನಿಜವೋ ಅಲ್ಲವೋ ಎಂದು ತೀರ್ಮಾನಿಸಿಯೇ ವೈದ್ಯರ ಬಳಿ ಹೋಗಬೇಕಾಗಿಲ್ಲ.

ಇವತ್ತು ಮಾಡಬೇಕಾದದ್ದು. ಧ್ಯಾನ, ಜಪ, ಉಪವಾಸ ಎಲ್ಲವನ್ನೂ ಸದ್ಯಕ್ಕೆ ನಿಲ್ಲಿಸಲಿ. ಕೈಮುಗಿದು ಕೂರುವವರನ್ನು ದೂರವಿಡಿ. ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಅದೇ. ರಾತ್ರಿ ಒಬ್ಬರು ಜೊತೆಗಿರಲಿ. ಬೆಳಕು ತಗ್ಗಿಸಿ, ಫೋನ್ ಬದಿಗಿಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ. ರಾಜೀನಾಮೆ, ಹಣ, ಆಸ್ತಿಯ ತೀರ್ಮಾನಗಳನ್ನು ಕೆಲವು ವಾರ ಮುಂದೂಡುವಂತೆ ಮನೆಯವರ ಮೂಲಕ ನೋಡಿಕೊಳ್ಳಿ. ವಾದಕ್ಕಿಳಿಯಬೇಡಿ. "ನಿನಗೆ ಅಪ್ಪಣೆ ಬರುತ್ತಿಲ್ಲ, ಅದು ಭ್ರಮೆ" ಎಂದರೆ ಅವರು ನಿಮ್ಮಿಂದಲೂ ದೂರ ಹೋಗುತ್ತಾರೆ. "ಹೌದು, ಅದೇ ಸತ್ಯ" ಎನ್ನುವುದೂ ಬೇಡ. "ನೀನು ನಿದ್ದೆ ಮಾಡಿ ಎಷ್ಟೋ ದಿನವಾಯಿತು, ನನಗೆ ಹೆದರಿಕೆಯಾಗುತ್ತಿದೆ, ನಿದ್ದೆಗಾಗಿಯಾದರೂ ವೈದ್ಯರನ್ನು ನೋಡೋಣ" ಎನ್ನಿ. ಇದು ಸುಳ್ಳಲ್ಲ, ನೆಪವೂ ಅಲ್ಲ.

ಸಾಯುವ ಯೋಚನೆ ಬರುತ್ತಿದೆಯೇ, ಅಪ್ಪಣೆ ಕೊಡುವ ದನಿ ತನಗಾಗಲಿ ಬೇರೆಯವರಿಗಾಗಲಿ ಅಪಾಯವಾಗುವಂಥದ್ದನ್ನು ಮಾಡು ಎನ್ನುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅನೇಕರಿಗಿದೆ. ಹಾಗಾಗುವುದಿಲ್ಲ. ಹೌದೆಂದರೆ ನಾಳೆಯವರೆಗೂ ಕಾಯಬೇಡಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

ಮೊದಲು ಪರಿಚಯದ ಸಾಮಾನ್ಯ ವೈದ್ಯರ ಬಳಿಗೆ ಹೋದರೂ ಸರಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ, ಸ್ಟೀರಾಯ್ಡ್ ಔಷಧಿಯಿಂದಲೂ ಹೀಗಾಗಬಹುದು. ಅದನ್ನೆಲ್ಲ ಪರೀಕ್ಷಿಸದೆ ಯಾರೂ ನಿರ್ಣಯಕ್ಕೆ ಬರುವುದಿಲ್ಲ.

ತಂಗಿಯ ಅಣ್ಣ

ಸಂಚಾಲಕಿ ಅಕ್ಕ, ದಯವಿಟ್ಟು ತಡ ಮಾಡಬೇಡಿ. ನಮ್ಮದು ಧ್ಯಾನ ಬಳಗವಲ್ಲ, ಪ್ರಾರ್ಥನಾ ಬಳಗ. ಕತೆ ಒಂದೇ.

ತಂಗಿಗೆ ಹತ್ತೊಂಬತ್ತು ವರ್ಷವಿದ್ದಾಗ ಗೋಡೆಯಾಚೆ ಯಾರೋ ತನ್ನ ಬಗ್ಗೆ ಮಾತನಾಡುತ್ತಿದ್ದಾರೆ ಎನ್ನತೊಡಗಿದಳು. ಕಿವಿಗೆ ಹತ್ತಿ ತುರುಕಿಕೊಂಡು ಓಡಾಡುತ್ತಿದ್ದಳು. ಅಮ್ಮ ಪ್ರತಿದಿನ ಅವಳ ದಿಂಬಿನ ಕೆಳಗಿನಿಂದ ಸಣ್ಣ ಸಣ್ಣ ಹತ್ತಿಯುಂಡೆಗಳನ್ನು ಆರಿಸಿ ತೆಗೆಯುತ್ತಿದ್ದರು. ಬಳಗದವರು ಪ್ರೀತಿಯಿಂದಲೇ ಬಂದರು, ಸುತ್ತ ಕುಳಿತು ಪ್ರಾರ್ಥಿಸಿದರು. ಫಲ ಕಾಣದಿದ್ದಾಗ "ಮನೆಯಲ್ಲಿ ನಂಬಿಕೆ ಸಾಲದು" ಎಂಬ ಮಾತು ಬಂತು. ಆ ಮಾತು ಅಮ್ಮನನ್ನು ಮುರಿದುಹಾಕಿತು. ಇನ್ನೂ ಹೆಚ್ಚು ಪ್ರಾರ್ಥನೆ, ಇನ್ನೂ ಹೆಚ್ಚು ಉಪವಾಸ. ಎಂಟು ತಿಂಗಳು ಹೀಗೆಯೇ ಕಳೆದವು. ಸೈಕೋಸಿಸ್‌ನಲ್ಲಿ, ಅಂದರೆ ಇಲ್ಲದ್ದು ಕೇಳಿಸುವ, ವಾಸ್ತವದ ಹಿಡಿತ ತಪ್ಪುವ ಇಂಥ ಸ್ಥಿತಿಯಲ್ಲಿ, ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಎಂದು ವೈದ್ಯರು ಆಮೇಲೆ ತಿಳಿಸಿದರು. ಆ ಎಂಟು ತಿಂಗಳನ್ನು ನಾನು ಯಾರ ಬಳಿ ವಾಪಸು ಕೇಳಲಿ?

ಕೊನೆಗೆ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದವರು ಬಳಗದ ಒಬ್ಬ ಹಿರಿಯರೇ. ಮನೆಗೆ ಬಂದು ಅಮ್ಮನ ಕೈ ಹಿಡಿದು, "ನಾನೂ ಬರುತ್ತೇನೆ, ದಾರಿಯುದ್ದಕ್ಕೂ ಪ್ರಾರ್ಥಿಸೋಣ" ಎಂದರು. ಹೊರಗಿನ ಬೆಂಚಿನ ಮೇಲೆ ಮೂರು ಗಂಟೆ ಕುಳಿತಿದ್ದರು. ನಾನು ಎಂಟು ತಿಂಗಳಿನಿಂದ ಹೇಳಿ ಹೇಳಿ ಸೋತ ಮಾತನ್ನು ಅಮ್ಮ ಅವರಿಂದ ಐದು ನಿಮಿಷದಲ್ಲಿ ಕೇಳಿದರು. ನನಗೆ ಸಿಟ್ಟು ಬಂದದ್ದೂ ನಿಜ, ಅವರ ಕಾಲು ಹಿಡಿಯಬೇಕೆನಿಸಿದ್ದೂ ನಿಜ.

ತಂಗಿ ಈಗ ಮಾತ್ರೆ ತಪ್ಪಿಸುವುದಿಲ್ಲ, ಕೆಲಸಕ್ಕೂ ಹೋಗುತ್ತಾಳೆ, ಪ್ರಾರ್ಥನೆಯಲ್ಲಿ ಹಾಡುತ್ತಾಳೆ. ಅಕ್ಕ, ನಿಮ್ಮ ಗೆಳತಿ ಯಾರ ಮಾತನ್ನು ಕೇಳುತ್ತಾಳೆ? ಮೊದಲು ಅವರನ್ನು ಹಿಡಿಯಿರಿ.

ಹದಿನಾಲ್ಕು ವರ್ಷಗಳಿಂದ ಲಿಥಿಯಂ

ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಉನ್ಮಾದಕ್ಕೂ ಒಮ್ಮೆ ಖಿನ್ನತೆಗೂ ತೂಗಾಡುವ ಕಾಯಿಲೆ ಇರುವವನು ನಾನು. ಅದನ್ನು ಹತೋಟಿಯಲ್ಲಿಡುವ ಮಾತ್ರೆಯೇ ಲಿಥಿಯಂ. ನನ್ನ ಹೆಸರು ಇಲ್ಲಿ ಬೇಡ, ಅನುಭವ ಸಾಕು.

ಸಂಚಾಲಕಿಯವರ ಹಿರಿಯರು ಹೇಳಿದ ಮಾತನ್ನು ನನಗೂ ಒಬ್ಬರು ಹೇಳಿದ್ದರು, "ಮಾತ್ರೆ ಇರುವವರೆಗೆ ಮನಸ್ಸು ಶುದ್ಧವಾಗುವುದಿಲ್ಲ" ಎಂದು. ನಾನು ನಂಬಿದೆ, ಏಕೆಂದರೆ ನಂಬಬೇಕೆಂಬ ಆಸೆ ನನ್ನಲ್ಲೇ ಇತ್ತು. ಮಾತ್ರೆ ಬಿಟ್ಟ ಮೊದಲ ಕೆಲವು ದಿನ ಹಗುರವೆನಿಸಿತು. ಐದನೆಯ ವಾರಕ್ಕೆ ಆಸ್ಪತ್ರೆಯಲ್ಲಿದ್ದೆ. ಲಿಥಿಯಂ ಅನ್ನು ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು ಎಂಬುದು ಆ ಸಲಹೆ ಕೊಟ್ಟವರಿಗೆ ಗೊತ್ತಿರಲಿಲ್ಲ. ಅವರು ಕೆಟ್ಟವರಲ್ಲ. ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಹಾಕಿದರು, ಅಷ್ಟೇ. ಆದರೆ ಅದರ ಬೆಲೆ ತೆತ್ತವನು ನಾನು.

ಎರಡನೆಯದು ಇನ್ನೂ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ನೀರೂ ಕುಡಿಯದ ಉಪವಾಸ ಲಿಥಿಯಂ ತೆಗೆದುಕೊಳ್ಳುವವರಿಗೆ ಅಪಾಯ. ಈ ಔಷಧಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ದೇಹದಲ್ಲಿ ನೀರು ಮತ್ತು ಉಪ್ಪಿನ ಅಂಶ ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚು ದೂರವಿಲ್ಲದೆ ವಿಷದ ಮಟ್ಟ ಇದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡೆಯುವಾಗ ತೂರಾಟ, ಮಾತು ತೊದಲುವುದು ಅದರ ಸೂಚನೆಗಳು. ಶಿಬಿರದಲ್ಲಿ ಇದನ್ನು ಕಂಡವರು "ಒಳಗಿನ ಕಶ್ಮಲ ಹೊರಹೋಗುತ್ತಿದೆ" ಎಂದುಕೊಂಡರೆ ಜೀವಕ್ಕೇ ಸಂಚಕಾರ. ಉಪವಾಸ, ಬಿಸಿಲಿನಲ್ಲಿ ದೀರ್ಘ ನಡಿಗೆ, ಇಂಥ ಯಾವುದೇ ಆಚರಣೆ ಇದ್ದರೂ ಮೊದಲು ವೈದ್ಯರನ್ನು ಕೇಳಿ.

ಬೆಳಕು ಆರಿಹೋಗುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಕಾಯಿಲೆಯ ದಿನಗಳಲ್ಲಿ ನಾನು ಐದು ನಿಮಿಷವೂ ಒಂದೆಡೆ ಕೂರಲಾಗುತ್ತಿರಲಿಲ್ಲ. ಈಗ ಇಪ್ಪತ್ತು ನಿಮಿಷ ಕೂರುತ್ತೇನೆ. ಮೊದಮೊದಲು ಔಷಧಿಯಿಂದ ಮಂಕು ಕವಿದಂತಾಗಿತ್ತು. ವೈದ್ಯರಿಗೆ ಹೇಳಿದಾಗ ಪ್ರಮಾಣ ಸರಿಪಡಿಸಿದರು. ಮಂಕಾದರೆ ಹೇಳಬೇಕು, ಬಿಡಬಾರದು.

ಹೊಸ ಸದಸ್ಯೆ

ಇಲ್ಲಿನ ಕತೆಗಳ ಮುಂದೆ ನನ್ನದು ಚಿಕ್ಕದು. ದನಿ ಇಲ್ಲ, ಉನ್ಮಾದ ಇಲ್ಲ. ಸುಮಾರು ಐದು ತಿಂಗಳಿನಿಂದ ಏನೂ ಬೇಡವೆನಿಸುತ್ತಿದೆ. ಎದ್ದು ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತೆ. ಸತ್ಸಂಗದಲ್ಲಿ ಹೇಳಿಕೊಂಡರೆ "ಕೃತಜ್ಞತೆ ಬೆಳೆಸಿಕೋ", "ಅಹಂಕಾರ ಕರಗುತ್ತಿದೆ, ಒಳ್ಳೆಯದೇ" ಎನ್ನುತ್ತಾರೆ. ಕೇಳಿ ಬಂದ ಮೇಲೆ ಇನ್ನಷ್ಟು ಕುಗ್ಗುತ್ತೇನೆ, ದುಃಖಪಡುವುದರಲ್ಲಿಯೂ ನಾನು ಅನುತ್ತೀರ್ಣಳೇನೋ ಎಂಬಂತೆ. ಆಪ್ತಸಮಾಲೋಚಕರ ಬಳಿ ಹೋಗಬೇಕೆಂದಿದೆ. ಆದರೆ ಅವರು ನನ್ನ ನಂಬಿಕೆಯನ್ನು ನೋಡಿ ನಕ್ಕರೆ? ಮೇಡಂ, ನನ್ನಂಥವರೂ ಬರಬಹುದೇ?

ಮನೋವೈದ್ಯೆ

ಬರಬಹುದಮ್ಮಾ. ನಿನ್ನಂಥವರಿಗಾಗಿಯೇ ನಾವಿರುವುದು. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಬೇಸರ, ಯಾವುದರಲ್ಲಿಯೂ ರುಚಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆಯ ಏರುಪೇರು ಇದ್ದರೆ ಖಿನ್ನತೆಯೇ ಎಂದು ಪರೀಕ್ಷಿಸಬೇಕು. ನಿನಗೆ ಐದು ತಿಂಗಳಾಗಿದೆ. ಇದು ಚಿಕ್ಕದಲ್ಲ.

ನಿನಗೆ ಸಿಕ್ಕ ಉತ್ತರಗಳಿಗೆ ಒಂದು ಹೆಸರೂ ಇದೆ, "ಸ್ಪಿರಿಚುವಲ್ ಬೈಪಾಸಿಂಗ್" ಎಂದು. ಜಾನ್ ವೆಲ್‌ವುಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಸ್ವತಃ ಬೌದ್ಧ ಸಾಧಕರು, 1980ರ ದಶಕದಲ್ಲಿ ಅದನ್ನು ಗುರುತಿಸಿದರು. ನೋವನ್ನು ಎದುರಿಸುವ ಬದಲು ಆಧ್ಯಾತ್ಮದ ಮಾತುಗಳ ನೆರವಿನಿಂದ ಅದನ್ನು ಸುತ್ತಿಹಾಕಿ ಆಚೆ ದಾಟಿಬಿಡುವುದು. ತಮ್ಮ ಸುತ್ತಲಿನ ಧ್ಯಾನಿಗಳಲ್ಲಿ ಕಂಡದ್ದನ್ನೇ ಅವರು ಹೇಳಿದ್ದು. ನಿನ್ನ ಸತ್ಸಂಗದವರಿಗೆ ಕೆಟ್ಟ ಉದ್ದೇಶವಿರಲಾರದು. ನಿನ್ನ ದುಃಖದ ಎದುರು ಸುಮ್ಮನೆ ಕೂರುವುದು ಅವರಿಗೆ ಕಷ್ಟವಾಗುತ್ತಿರಬಹುದು.

ಮೊದಲ ಭೇಟಿಯಲ್ಲಿಯೇ ಹೇಳಿಬಿಡು: "ನನ್ನ ನಂಬಿಕೆ ನನಗೆ ಮುಖ್ಯ, ಅದನ್ನು ಗೌರವಿಸುವಿರಾ?" ಉತ್ತರದಲ್ಲಿಯೇ ತಿಳಿಯುತ್ತದೆ. ರೋಗಿಯ ನಂಬಿಕೆ, ಆಚರಣೆಗಳನ್ನು ಕೇಳಿ ತಿಳಿದುಕೊಳ್ಳಬೇಕು, ಆದರೆ ವೈದ್ಯರು ತಮ್ಮ ನಂಬಿಕೆಯನ್ನಾಗಲಿ ನಂಬಿಕೆಯಿಲ್ಲದಿರುವುದನ್ನಾಗಲಿ ರೋಗಿಯ ಮೇಲೆ ಹೇರಬಾರದು ಎಂದು ವಿಶ್ವ ಮನೋವೈದ್ಯಕೀಯ ಸಂಘ 2016ರಲ್ಲಿ ಪ್ರಕಟಿಸಿದ ನಿಲುವಿನಲ್ಲಿದೆ. ನಗುವವರು ಸಿಕ್ಕರೆ ಬೇರೆಯವರನ್ನು ಹುಡುಕು. ಒಬ್ಬರು ಹೊಂದಲಿಲ್ಲವೆಂದರೆ ಚಿಕಿತ್ಸೆಯೇ ಹೊಂದುವುದಿಲ್ಲ ಎಂದರ್ಥವಲ್ಲ. ನೀನು ಹೇಳಿದ್ದನ್ನು ನಿನ್ನ ಸತ್ಸಂಗಕ್ಕೆ ತಿಳಿಸುವ ಹಕ್ಕು ಅವರಿಗಿಲ್ಲ ಎಂಬುದೂ ಗೊತ್ತಿರಲಿ.

ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಕೊಡುತ್ತಾರೆ. ಔಷಧಿ ಬರೆದುಕೊಡುವವರು ಮನೋವೈದ್ಯರು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಕೊಟ್ಟರೆ ಅದರ ಪೂರ್ಣ ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಮೊದಲ ವಾರದಲ್ಲಿಯೇ "ಏನೂ ಆಗಲಿಲ್ಲ" ಎಂದು ಬಿಡಬಾರದು. ಗುಣವಾಯಿತು ಎನಿಸಿದ ದಿನವೇ ಬಿಡುವುದೂ ತಪ್ಪು. ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ಓಕರಿಕೆ, ತಲೆಯೊಳಗೆ ವಿದ್ಯುತ್ ಹರಿದಂಥ ಭಾಸ ಆಗಬಹುದು. ಗಿಡಮೂಲಿಕೆ ತಾನೇ ಎಂದು ಸೇಂಟ್ ಜಾನ್ಸ್ ವರ್ಟ್‌ನಂಥದ್ದನ್ನು ಖಿನ್ನತೆಯ ಮಾತ್ರೆಯ ಜೊತೆ ಸೇರಿಸಬೇಡ, ಗಂಭೀರ ತೊಂದರೆಯಾಗಬಹುದು.

ಧ್ಯಾನವನ್ನು ನಾವು ಶತ್ರುವೆಂದು ನೋಡುವುದಿಲ್ಲ. ಪದೇ ಪದೇ ಖಿನ್ನತೆಗೆ ಒಳಗಾಗುವವರಿಗಾಗಿ ಸಾವಧಾನ ಧ್ಯಾನವನ್ನೂ, ಯೋಚಿಸುವ ರೀತಿಯನ್ನು ಗಮನಿಸಿ ತಿದ್ದಿಕೊಳ್ಳುವ ಅರಿವಿನ ಚಿಕಿತ್ಸೆಯನ್ನೂ ಬೆಸೆದ ಎಂಟು ವಾರಗಳ ಕ್ರಮವನ್ನು ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ರೂಪಿಸಿದರು. 2015ರಲ್ಲಿ ಪ್ರಕಟವಾದ, 424 ಜನರ ಮೇಲೆ ನಡೆದ ಬ್ರಿಟನ್ನಿನ ಪ್ರಯೋಗದಲ್ಲಿ ಆ ಕ್ರಮದ ಫಲವೂ ಔಷಧಿ ಮುಂದುವರಿಸಿದವರ ಫಲವೂ ಹೆಚ್ಚುಕಡಿಮೆ ಸಮನಾಗಿದ್ದವು. ಗಮನಿಸು, ಅಲ್ಲಿ ಔಷಧಿಯನ್ನು ವೈದ್ಯರ ಕಣ್ಗಾವಲಿನಲ್ಲಿ ಮೆಲ್ಲಮೆಲ್ಲನೆ ಇಳಿಸಲಾಗಿತ್ತು. ಅದು ಪೂರ್ತಿ ಹಾಸಿಗೆ ಹಿಡಿದವರಿಗೆ ಕೊಡುವ ಚಿಕಿತ್ಸೆಯೂ ಅಲ್ಲ, ಚೇತರಿಸಿಕೊಂಡವರು ಮತ್ತೆ ಬೀಳದಂತೆ ಕಾಯುವ ಕ್ರಮ.

ಹಳೆಯ ಸಾಧಕ

ನಿನ್ನೆ ರಾತ್ರಿ ಇದನ್ನೆಲ್ಲ ಓದಿದೆ. ಹಣೆಪಟ್ಟಿಯ ಬಗ್ಗೆ ನನ್ನ ಅಳುಕು ಈಗಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ಹಳೆಯ ಸಂಗತಿ ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ಶಿಬಿರವೊಂದರಲ್ಲಿ ನನ್ನ ಪಕ್ಕದ ಆಸನದ ಹುಡುಗ ಮೂರನೆಯ ದಿನ ಬಂದು, "ನನ್ನ ಕೈ ನನ್ನದಲ್ಲ ಎನಿಸುತ್ತಿದೆ, ಭಯವಾಗುತ್ತಿದೆ" ಎಂದು ಪಿಸುಗುಟ್ಟಿದ. ನಾನು, "ಒಳ್ಳೆಯ ಲಕ್ಷಣ, ಕುಳಿತುಕೋ" ಎಂದೆ. ಮೌನ ಮುರಿಯಬಾರದೆಂದು ಅಷ್ಟೇ ಹೇಳಿ ಕಣ್ಣು ಮುಚ್ಚಿದೆ. ಏಳನೆಯ ದಿನ ಅವನನ್ನು ಇಬ್ಬರು ಹಿಡಿದು ಕರೆದೊಯ್ಯಬೇಕಾಯಿತು. ಆಮೇಲೆ ಅವನೇನಾದ ಎಂದು ನನಗೆ ತಿಳಿದುಬರಲಿಲ್ಲ. ನಾನು ಕೇಳಲೂ ಇಲ್ಲ.

ತಂಗಿ, ಅವಸರ ಬೇಡ ಎಂದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕರೆದುಕೊಂಡು ಹೋಗು.

ಧ್ಯಾನ ಶಿಕ್ಷಕಿ

ನಾನು ಶಿಬಿರಗಳನ್ನು ನಡೆಸುವವಳು. ಹಿರಿಯರು ಇಷ್ಟು ಹೇಳಿದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲ.

ಧ್ಯಾನದಿಂದ ಎಲ್ಲರಿಗೂ ಒಳಿತೇ ಆಗುತ್ತದೆ ಎಂದು ನಾವು ಹೇಳುತ್ತ ಬಂದೆವು. 2017ರಲ್ಲಿ ಜೇರ್ಡ್ ಲಿಂಡಾಲ್, ವಿಲೋಬಿ ಬ್ರಿಟನ್ ಮತ್ತು ಸಂಗಡಿಗರು ಪಾಶ್ಚಾತ್ಯ ಬೌದ್ಧ ಧ್ಯಾನಿಗಳನ್ನೂ ಶಿಕ್ಷಕರನ್ನೂ ಸಂದರ್ಶಿಸಿ ಬರೆದ ಅಧ್ಯಯನ ಓದಿದ ಮೇಲೆ ನನ್ನ ನಿದ್ದೆ ಹಾರಿತು. ಭಯ, ನಿದ್ದೆಗೇಡು, ತಾನು ತನ್ನಿಂದಲೇ ಬೇರೆಯಾದಂಥ ಭಾವ ಸೇರಿದಂತೆ 59 ಬಗೆಯ ಅನುಭವಗಳನ್ನು ಅವರು ಏಳು ವರ್ಗಗಳಾಗಿ ದಾಖಲಿಸಿದ್ದಾರೆ. ಹಿಂದೆ ಮಾನಸಿಕ ತೊಂದರೆ ಇಲ್ಲದವರೂ ಅವರಲ್ಲಿದ್ದರು. ಎಲ್ಲವೂ ಕೆಟ್ಟ ಅನುಭವಗಳಲ್ಲ. ಆದರೆ ಕೆಲವರು ಶಿಕ್ಷಕರ ಬಳಿ ಹೇಳಿಕೊಂಡಾಗ ಸಿಕ್ಕ ಉತ್ತರ, ಹಳೆಯ ಸಾಧಕರು ಆ ಹುಡುಗನಿಗೆ ಕೊಟ್ಟಂಥದ್ದೇ.

ಅರ್ಜಿಯಲ್ಲಿ "ಮಾನಸಿಕ ಕಾಯಿಲೆ ಇದೆಯೇ" ಎಂಬ ಪ್ರಶ್ನೆ ನಮ್ಮಲ್ಲಿಯೂ ಇತ್ತು. ಹೌದೆಂದರೆ ಪ್ರವೇಶವಿಲ್ಲ. ಫಲವೇನು? ಜನ ಇಲ್ಲ ಎಂದು ಬರೆದು, ಮಾತ್ರೆಯನ್ನು ಬಟ್ಟೆಯೊಳಗೆ ಬಚ್ಚಿಟ್ಟು ತಂದರು. ಕೆಲವರು ಮನೆಯಲ್ಲಿಯೇ ಬಿಟ್ಟು ಬಂದರು. ಈಗ ನಾನು ಪ್ರತಿಯೊಬ್ಬರೊಡನೆ ಫೋನಿನಲ್ಲಿ ಮಾತನಾಡುತ್ತೇನೆ. ಹೇಳಿದರೆ ಹೊರಹಾಕುವುದಿಲ್ಲ, ಕಡಿಮೆ ಅವಧಿಯ ಬೇರೆ ಕ್ರಮವಿದೆ ಎನ್ನುತ್ತೇನೆ. ಶಿಬಿರದ ಮೊದಲ ಸಂಜೆ ಎಲ್ಲರೆದುರು, "ವೈದ್ಯರು ಕೊಟ್ಟ ಔಷಧಿಯನ್ನು ಇಲ್ಲಿ ಯಾರೂ ನಿಲ್ಲಿಸಬಾರದು, ನಿದ್ದೆ ಕೆಟ್ಟರೆ, ಭಯವಾದರೆ ಮೌನ ಮುರಿದು ನನ್ನ ಬಾಗಿಲು ತಟ್ಟಿ" ಎಂದು ಹೇಳುತ್ತೇನೆ. ಒಂದೇ ನಿಮಿಷದ ಮಾತು. ಇದನ್ನು ಹೇಳತೊಡಗಿದ ಮೇಲೆ ಪ್ರತಿ ಶಿಬಿರದಲ್ಲಿಯೂ ಯಾರಾದರೊಬ್ಬರು ಬಾಗಿಲು ತಟ್ಟಿದ್ದಾರೆ.

ಜನ ಮೊದಲು ಬರುವುದು ನಮ್ಮ ಬಳಿಗೇ. ಮಾನಸಿಕ ತೊಂದರೆಗೆ ನೆರವು ಕೇಳಿದವರಲ್ಲಿ ಸುಮಾರು ಕಾಲು ಭಾಗದಷ್ಟು ಜನ ಧರ್ಮಗುರುಗಳ ಬಳಿ ಹೋಗಿದ್ದರು, ಅವರಲ್ಲಿ ಹೆಚ್ಚಿನವರು ವೈದ್ಯರನ್ನಾಗಲಿ ಮನಶ್ಶಾಸ್ತ್ರಜ್ಞರನ್ನಾಗಲಿ ಕಾಣಲೇ ಇಲ್ಲ ಎಂದು 2003ರ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ಅಂದರೆ ನಾವು ಮುಂದಕ್ಕೆ ಕಳಿಸದಿದ್ದರೆ ಅವರು ಅಲ್ಲಿಗೇ ನಿಲ್ಲುತ್ತಾರೆ. 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಮತ್ತು ಆಂಟನಿ ಜಾರ್ಮ್ ಆರಂಭಿಸಿದ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆಯ ತರಬೇತಿ ವೈದ್ಯರಲ್ಲದ ನಮ್ಮಂಥವರಿಗಾಗಿಯೇ ಇದೆ. ಗುರುತಿಸುವುದು, ಕೇಳಿಸಿಕೊಳ್ಳುವುದು, ತಕ್ಕವರ ಬಳಿ ತಲುಪಿಸುವುದು. ಅಷ್ಟನ್ನು ಕಲಿಯದೆ ಶಿಬಿರ ನಡೆಸಬಾರದು ಎಂಬುದು ನನ್ನ ಅಭಿಪ್ರಾಯ.

ಬಳಗದ ಸಂಚಾಲಕಿ

ಎಲ್ಲರಿಗೂ ಕೈಮುಗಿಯುತ್ತೇನೆ. ನಡೆದದ್ದನ್ನು ಹೇಳುತ್ತೇನೆ.

ತಂಗಿಯ ಅಣ್ಣನವರು ಕೇಳಿದ ಪ್ರಶ್ನೆಯನ್ನೇ ಹಿಡಿದುಕೊಂಡೆ. ಅವಳು ಕೇಳುವುದು ಗುರುಗಳ ಮಾತನ್ನು ಮಾತ್ರ. ಅವರಿಗೆ ದಿನಚರಿಯಲ್ಲಿ ಏನಿದೆ ಎಂದು ಹೇಳಲಿಲ್ಲ, ಅದು ಅವಳ ಸ್ವತ್ತು. ನಿದ್ದೆ, ಹಣ, ರಾಜೀನಾಮೆಯ ವಿಷಯ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಅವಳಿಗೇ ಫೋನ್ ಮಾಡಿದರು. "ಇವತ್ತಿನಿಂದ ನಿನ್ನ ಸಾಧನೆ ನಿದ್ದೆ. ವೈದ್ಯರು ಹೇಳಿದಂತೆ ನಡೆ. ನಾನು ಹೇಳುವವರೆಗೆ ಧ್ಯಾನಕ್ಕೆ ಕೂರಬೇಡ" ಎಂದರು. ಅವಳು ಜೋರಾಗಿ ಅತ್ತಳು. ಆಮೇಲೆ ಚಪ್ಪಲಿ ಹಾಕಿಕೊಂಡಳು. ಒಂದೊಂದು ಕಾಲಿಗೆ ಒಂದೊಂದು ಜೋಡಿಯದು. ನಾನು ಬಗ್ಗಿ ಬದಲಿಸಿದೆ.

ಅವಳ ತಾಯಿಯೂ ಬಂದರು. ರಕ್ತಪರೀಕ್ಷೆ ಆಯಿತು. ಎರಡು ವಾರ ಆಸ್ಪತ್ರೆಯಲ್ಲಿದ್ದಳು. ರೋಗದ ಹೆಸರು ಹೇಳುವುದು ನನ್ನ ಕೆಲಸವಲ್ಲ. ವೈದ್ಯರು ಅವಳ ಧ್ಯಾನದ ಬಗ್ಗೆ ಒಂದು ಹಗುರ ಮಾತನ್ನೂ ಆಡಲಿಲ್ಲ, ಅದನ್ನು ಅವಳೇ ಹೇಳಿದಳು. ರಾಜೀನಾಮೆ ಪತ್ರ ಇನ್ನೂ ಕೊಟ್ಟಿರಲಿಲ್ಲವಾದ್ದರಿಂದ ಕೆಲಸ ಉಳಿಯಿತು. ಹಂಚಿದ ಹಣದಲ್ಲಿ ಸ್ವಲ್ಪ ವಾಪಸಾಗಿದೆ. ಕೈಮುಗಿದು ಕೂರುತ್ತಿದ್ದವರಲ್ಲಿ ಇಬ್ಬರು ಈಗ ಅವಳನ್ನು ಕಂಡರೆ ದೂರ ಸರಿಯುತ್ತಾರೆ. ಅದು ಅವಳಿಗೆ ತಿಳಿಯುತ್ತಿದೆ, ನೋಯುತ್ತಿದ್ದಾಳೆ. ಇದಕ್ಕೆ ಮದ್ದು ಬಳಗದಲ್ಲಿಯೇ ಆಗಬೇಕು. ಮುಂದಿನ ಭಾನುವಾರ ಎಲ್ಲರೊಡನೆ ಮಾತನಾಡಲು, ಅವಳ ಒಪ್ಪಿಗೆ ಪಡೆದು, ಸಮಯ ಕೇಳಿದ್ದೇನೆ. ಶಿಕ್ಷಕಿಯವರ ಒಂದು ನಿಮಿಷದ ಮಾತನ್ನು ನಮ್ಮ ಶಿಬಿರದಲ್ಲಿಯೂ ಹೇಳಲು ಗುರುಗಳು ಒಪ್ಪಿದ್ದಾರೆ.

ಡಾಕ್ಟರ್ ಮೇಡಂ, ಮತ್ತೆ ಹತ್ತು ನಿಮಿಷ ಕೂರಬಹುದೇ ಎಂದು ಅವಳು ಕೇಳುತ್ತಿದ್ದಾಳೆ. ಏನು ಹೇಳಲಿ?

ಮನೋವೈದ್ಯೆ

ಅವರನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು. ನಿದ್ದೆ ಎಷ್ಟು ವಾರಗಳಿಂದ ಸರಿಯಾಗಿದೆ ಎಂದು ಅವರು ಮೊದಲು ಕೇಳುತ್ತಾರೆ. ಅಲ್ಲಿಯವರೆಗೆ ಕಣ್ಣು ತೆರೆದು ಮಾಡುವಂಥದ್ದು ಇರಲಿ. ನಡಿಗೆ, ಗಿಡಗಳ ಆರೈಕೆ, ನಾಲ್ಕು ಜನರ ನಡುವೆ ಕೂತು ಮಾಡುವ ಕೆಲಸ.

ಬಳಗದ ಸಂಚಾಲಕಿ

ಸರಿ ಮೇಡಂ, ಮುಂದಿನ ಭೇಟಿಯಲ್ಲಿ ಅವಳೇ ಕೇಳುತ್ತಾಳೆ. ದಿನಚರಿ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ, ಬೇಕೆಂದಾಗ ಕೊಡುತ್ತೇನೆ ಎಂದಿದ್ದೇನೆ. ಬೆಳಿಗ್ಗೆ ಇಬ್ಬರೂ ನಡೆಯಲು ಹೋಗುತ್ತಿದ್ದೇವೆ. ಮೊದಲು ಆರು ಗಂಟೆಗೆಂದು ಗೊತ್ತುಮಾಡಿದ್ದೆವು, ಈಗ ಏಳೂವರೆಗೆ ಬದಲಿಸಿದ್ದೇವೆ. ಆರಕ್ಕೆ ಅವಳು ಇನ್ನೂ ನಿದ್ದೆಯಲ್ಲಿರುತ್ತಾಳೆ.